ಅಲ್ಲಿ ಅಷ್ಟು ಬೆಳಕಿರಲಿಲ್ಲ

ಹೊಸಪೇಟೆಯ ಲಾಡ್ಜಿಗೆ ವಾಪಸ್ಸಾದವನೇ, ಸಿಕ್ಕ ವೈಫೈ ಹಿಡಿದು ಅಪ್ಪನಿಗೆ 41 ಫೋಟೋ ಕಳಿಸಿದೆ. ಎಲ್ಲದಕ್ಕೂ ನೀಲಿ ಗೀಟು ಬಿತ್ತು, ಉತ್ತರ ಮಾತ್ರ ಬರಲಿಲ್ಲ. ಮಂಡಿನೋವು ಅಂತ ಅಪ್ಪ ಈ ಸಲ ಮೈಸೂರಿನಲ್ಲೇ ಉಳಿದಿದ್ದರು. ‘ಕಾಲಿದ್ದರೆ ಹಂಪೆ ನೋಡು, ಕಣ್ಣಿದ್ದರೆ ಕನಕಗಿರಿ ನೋಡು’ ಅನ್ನುತ್ತಾರಲ್ಲ, “ನನಗಿನ್ನು ಕನಕಗಿರಿಯೇ ಗತಿ, ನೀವಿಬ್ಬರೂ ಹೋಗಿ ಬನ್ನಿ” ಎಂದು ನನ್ನನ್ನೂ ಅಮ್ಮನನ್ನೂ ಹಂಪಿ ಎಕ್ಸ್‌ಪ್ರೆಸ್ ಹತ್ತಿಸಿದ್ದರು.

ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಫೋನ್ ಬಂತು. ಕಲ್ಲಿನ ರಥ ಚೆನ್ನಾಗಿದೆ ಅನ್ನಲಿಲ್ಲ, ಹೇಮಕೂಟದ ಸೂರ್ಯಾಸ್ತದ ಮಾತೇ ಇಲ್ಲ.

“ಆ ಕತ್ತಲೆಕೋಣೆ ಫೋಟೋ ಇದೆಯಲ್ಲ, ಗೋಪುರ ತಲೆಕೆಳಗಾಗಿ ಬೀಳೋದು. ಅದು ನೀನೇ ತೆಗೆದದ್ದೇನೋ?”

“ಹೌದಪ್ಪ. ಯಾಕೆ?”

“ಅಲ್ಲಿ ಅಷ್ಟು ಬೆಳಕಿರಲಿಲ್ಲ ಕಣೋ.”

ನಲವತ್ತು ವರ್ಷದ ಹಿಂದೆ ಕಂಡದ್ದನ್ನು ಮೊನ್ನೆ ಕಂಡವರ ಹಾಗೆ ಹೇಳಿ, ಅಮ್ಮನಿಗೆ ಕೊಡು ಅಂದರು. ಅವರಿಬ್ಬರೂ ಹಾಲಿನವನ ಲೆಕ್ಕಕ್ಕೆ ಹೊರಟುಹೋದರು.

ಅಪ್ಪ ಹಂಪಿಗೆ ಹೋಗಿದ್ದು 1982ರಲ್ಲಿ, ಮದುವೆಯಾದ ಹೊಸದರಲ್ಲಿ, ಸ್ನೇಹಿತರಿಂದ ಕಡ ತಂದ ಆಗ್ಫಾ ಕ್ಲಿಕ್ 3 ಕೊರಳಿಗೆ ಹಾಕಿಕೊಂಡು. ಒಂದು ರೋಲಿಗೆ 12 ಫೋಟೋ, ಚೌಕಾಕಾರ, ಕಪ್ಪು ಬಿಳುಪು. ಎರಡನೆಯ ರೋಲು ಕೊಳ್ಳುವಷ್ಟು ದುಡ್ಡಿರಲಿಲ್ಲ. ಆ 12ರಲ್ಲಿ ಒಂದನ್ನು ಅವರು ವಿರೂಪಾಕ್ಷ ಗುಡಿಯ ಕತ್ತಲೆಕೋಣೆಗೆ ಖರ್ಚು ಮಾಡಿದ್ದರು. ಅದು ಬರಲಿಲ್ಲ. ಬರುವುದಾದರೂ ಹೇಗೆ, ಬಿಸಿಲಿಗೆಂದೇ ಮಾಡಿದ ಡಬ್ಬಿ ಕ್ಯಾಮೆರಾ ಅದು. ಸ್ಟುಡಿಯೋದವರು ನೆಗೆಟಿವನ್ನು ದೀಪಕ್ಕೆ ಹಿಡಿದು, “ಇದರಲ್ಲಿ ಏನೂ ಇಲ್ಲ ಸ್ವಾಮಿ, ಬರೀ ಗಾಜು” ಎಂದು ಪ್ರಿಂಟೇ ಹಾಕಲಿಲ್ಲವಂತೆ. ಅದಕ್ಕೆ ದುಡ್ಡೂ ತಗೊಳ್ಳಲಿಲ್ಲ. ನಮ್ಮ ಮನೆಯ ಆಲ್ಬಮ್ಮಿನಲ್ಲಿ ಹಂಪಿಯ 11 ಫೋಟೋಗಳಿವೆ. ಮನೆಗೆ ಬಂದವರಿಗೆ ಅಪ್ಪ ಹೆಚ್ಚು ಹೊತ್ತು ಹೇಳುವುದು ಮಾತ್ರ ಇಲ್ಲದ ಹನ್ನೆರಡನೆಯದರ ಬಗ್ಗೆ.

ನೋಡದವರಿಗಾಗಿ ಹೇಳುತ್ತೇನೆ. ವಿರೂಪಾಕ್ಷ ಗುಡಿಯ ಗರ್ಭಗುಡಿಯ ಹಿಂಬದಿಗೆ ಹೋದರೆ ಒಂದು ಪುಟ್ಟ ಕೋಣೆಯಿದೆ. ಗೋಡೆಯಲ್ಲಿ ಸಣ್ಣದೊಂದು ಕಿಂಡಿ. ಗುಡಿಯ ಪೂರ್ವದಿಕ್ಕಿನ ಒಂಬತ್ತು ಅಂತಸ್ತಿನ ಮಹಾಗೋಪುರ ಆ ಕಿಂಡಿಯಿಂದ ಒಳಗೆ ಬಂದು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ನಿಲ್ಲುತ್ತದೆ. ಗೋಪುರದ ತುದಿಯಿಂದ ಹೊರಟ ಬೆಳಕು ಕಿಂಡಿಯಲ್ಲಿ ನೇರವಾಗಿ ತೂರಿ ಕೆಳಗೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲೆ; ಅಷ್ಟೇ ವಿಜ್ಞಾನ. ಕ್ಯಾಮೆರಾ ಎನ್ನುವ ಪದವೇ ಹುಟ್ಟಿದ್ದು ಇಂಥ ಕೋಣೆಯಿಂದ. ಕ್ಯಾಮೆರಾ ಅಬ್ಸ್‌ಕ್ಯೂರಾ ಅಂದರೆ ಲ್ಯಾಟಿನ್ನಿನಲ್ಲಿ ಕತ್ತಲೆಕೋಣೆ. ನಮ್ಮ ಜೇಬಿನ ಫೋನಿನ ಮಸೂರವೂ ಒಳಗಿನ ಸೆನ್ಸರಿನ ಮೇಲೆ ಲೋಕವನ್ನು ತಲೆಕೆಳಗಾಗಿಯೇ ಬೀಳಿಸುತ್ತದೆ, ಆಮೇಲೆ ಫೋನ್ ಅದನ್ನು ನೆಟ್ಟಗೆ ಮಾಡಿ ನಮಗೆ ತೋರಿಸುತ್ತದೆ. ಹೀಗಾಗಿ ಆ ಕೋಣೆಯಲ್ಲಿ ಫೋನ್ ಹಿಡಿದು ನಿಂತದ್ದೆಂದರೆ, ಒಂದು ಕ್ಯಾಮೆರಾದ ಹೊಟ್ಟೆಯೊಳಗೆ ಹೊಕ್ಕು ಇನ್ನೊಂದು ಕ್ಯಾಮೆರಾ ತೆರೆದ ಹಾಗೆ.

ನಾನು ತೆರೆದದ್ದೂ ಆಯಿತು. ತೆರೆಯುತ್ತಿದ್ದ ಹಾಗೆ ಫೋನಿನ ಮೂಲೆಯಲ್ಲಿ ಹಳದಿ ಚಂದ್ರ ಹೊತ್ತಿಕೊಂಡ. ‘3 ಸೆಕೆಂಡು ಅಲುಗಾಡಬೇಡಿ’ ಎಂದಿತು. ಅಲುಗಾಡಲಿಲ್ಲ. ಬಂದ ಫೋಟೋ ನೋಡಿ ನನಗೆ ಖುಷಿಯೇ ಆಗಿತ್ತು, ಎಷ್ಟು ಸ್ಪಷ್ಟ! ಅಪ್ಪ ಹೇಳಿದ ಮೇಲೆ ಮಂಚದ ಮೇಲೆ ಒರಗಿ ಮತ್ತೆ ನೋಡಿದೆ. ಗೋಡೆಯ ಸುಣ್ಣ ಎದ್ದಿರುವುದು ಕಾಣುತ್ತದೆ, ಮೂಲೆಯ ಜೇಡರ ಬಲೆ ಕಾಣುತ್ತದೆ, ಯಾರೋ ಗೀಚಿದ ಹೆಸರು ಕಾಣುತ್ತದೆ. ಇಡೀ ಕೋಣೆ ಟ್ಯೂಬ್‌ಲೈಟ್ ಹಾಕಿದ ಉಗ್ರಾಣದಂತಿದೆ. ಅದರ ನಡುವೆ ಗೋಪುರವೂ ಗೋಡೆಗೆ ಹತ್ತಿದ ಒಂದು ಕಲೆ. ಕಣ್ಣು ಕತ್ತಲೆಗೆ ಒಗ್ಗುವ ತನಕ ಕಾದು, ಏನೂ ಇಲ್ಲದ ಗೋಡೆಯ ಮೇಲೆ ಮೆಲ್ಲಗೆ ಅಂತಸ್ತುಗಳು ಮೂಡುವುದನ್ನು ನೋಡಿದ್ದೆನಲ್ಲ, ಅಮ್ಮ “ಅಯ್ಯೋ ಬಂತು ಬಂತು” ಎಂದಿದ್ದಳಲ್ಲ, ಅದು ಎಲ್ಲೂ ಇಲ್ಲ. ಅಪ್ಪನ ಡಬ್ಬಿಗೆ ಬೆಳಕು ಸಾಲದೆ ಆ ಫೋಟೋ ತಪ್ಪಿತು. ನನ್ನ ಫೋನು ಬೆಳಕು ಹೆಚ್ಚು ಮಾಡಿ ತಪ್ಪಿಸಿತು. ಒಂದೇ ಗೋಡೆ, ನಲವತ್ತು ವರ್ಷ ಅಂತರ, ಮನೆಯಲ್ಲಿ ಇನ್ನೂ ಆ ಫೋಟೋ ಇಲ್ಲ.

ಫೋನ್ ಹೀಗೇಕೆ ಮಾಡುತ್ತದೆಂದು ನನಗೆ ಗೊತ್ತಿಲ್ಲವೆಂದಲ್ಲ. ಅಪ್ಪನ ಫಿಲ್ಮಿನ ಒಂದು ಚೌಕ 6 ಸೆಂಟಿಮೀಟರ್ ಅಗಲ. ನನ್ನ ಫೋನಿನ ಸೆನ್ಸರ್ ಕಿರುಬೆರಳ ಉಗುರಿನಷ್ಟು. ಅಷ್ಟು ಸಣ್ಣ ಅಂಗಳದಲ್ಲಿ ಬೀಳುವ ಬೆಳಕು ಎಷ್ಟು ಮಹಾ? ಅದಕ್ಕೇ ಫೋನು ಒಂದು ಫೋಟೋದ ಬದಲು ಸಾಲಾಗಿ ಹಲವು ತೆಗೆಯುತ್ತದೆ, ಕೈ ನಡುಗಿದ್ದನ್ನು ಲೆಕ್ಕ ಹಾಕಿ ಒಂದರ ಮೇಲೊಂದು ಹೊಂದಿಸುತ್ತದೆ, ರವೆ ಉದುರಿಸಿದಂಥ ಚುಕ್ಕೆಗಳನ್ನು ಉಜ್ಜಿ ಹಾಕುತ್ತದೆ, ಕೊನೆಗೆ ನೆರಳನ್ನೆಲ್ಲ ಮೇಲೆತ್ತುತ್ತದೆ. 2018ರ ಕೊನೆಗೆ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ ಈ ರಾತ್ರಿ ಮೋಡ್ ತಂದಿತು, ಮರುವರ್ಷ ಐಫೋನ್ 11ರಲ್ಲೂ ಬಂತು, ಈಗ ಅಗ್ಗದ ಫೋನುಗಳಲ್ಲೂ ಇದೆ. ದೀಪಾವಳಿಯ ರಾತ್ರಿ ಮಕ್ಕಳು ಸುರ್‌ಸುರ್ ಬತ್ತಿ ಹಿಡಿದಾಗ ಇದಕ್ಕಿಂತ ಉಪಕಾರಿ ಇನ್ನೊಂದಿಲ್ಲ, ಅದನ್ನು ನಾನು ಬೈಯುತ್ತಿಲ್ಲ. ಆದರೆ ಫೋನಿಗೆ ಕತ್ತಲೆ ಎಂದರೆ ತಿದ್ದಬೇಕಾದ ತಪ್ಪು. ಹಂಪಿಯಲ್ಲಿ ಕತ್ತಲೆ ಅನ್ನುವುದು ಅರ್ಧ ಊರು.

ಆ ರಾತ್ರಿ ಅಮ್ಮ ಮಲಗಿದ ಮೇಲೆ ದಿನದ ಫೋಟೋಗಳನ್ನೆಲ್ಲ ಅಪ್ಪನ ಕಣ್ಣಿನಿಂದ ನೋಡುತ್ತ ಹೋದೆ. ಒಟ್ಟು 612 ಇದ್ದವು. (ಅಪ್ಪನ ಲೆಕ್ಕದಲ್ಲಿ 51 ರೋಲು.) ಮನೆಗೆ ಬಂದ ಮೇಲೆ ಇವನ್ನು ಇಡಲು ಗೂಗಲ್ಲಿಗೆ ತಿಂಗಳ ಬಾಡಿಗೆ ಬೇರೆ, ಎಷ್ಟು ಬೇಕಾದರೂ ಪುಕ್ಕಟೆ ಇಡಬಹುದಾಗಿದ್ದ ಕಾಲ 2021ರ ಜೂನ್ 1ಕ್ಕೇ ಮುಗಿಯಿತು.

ಬಡವಿಲಿಂಗದ ಫೋಟೋ. ಸುಮಾರು 3 ಮೀಟರ್ ಎತ್ತರದ ಕಪ್ಪು ಲಿಂಗ, ಬುಡದಲ್ಲಿ ಯಾವಾಗಲೂ ನೀರು, ಮೇಲೆ ಚಾವಣಿ ಇಲ್ಲ. ಬಾಗಿಲಲ್ಲಿ ನಿಂತು ನೋಡಿದಾಗ ನನಗೆ ಮೊದಲು ಕಂಡದ್ದು ಮೇಲಿನಿಂದ ಸುರಿಯುವ ಬಿಸಿಲು. ಒಳಗಿನ ಗೋಡೆ ಕಾಣಲು ಕಣ್ಣು ಕಿರಿದು ಮಾಡಬೇಕಾಯಿತು. ಫೋಟೋದಲ್ಲಿ ಬಿಸಿಲೂ ಸಮ, ನೆರಳೂ ಸಮ, ಆಕಾಶದ ನೀಲಿಯೂ ಹಾಜರು. ಒಂದೇ ನೋಟಕ್ಕೆ ಯಾರ ಕಣ್ಣಿಗೂ ಹಾಗೆ ಕಾಣುವುದಿಲ್ಲ. ಎಲ್ಲರಿಗೂ ಸಮಪಾಲು ಬಡಿಸಿದ ಊಟದ ಹಾಗೆ, ಉಪ್ಪಿನಕಾಯಿಯೂ ಒಂದು ಸೌಟು, ಅನ್ನವೂ ಒಂದು ಸೌಟು.

ಪಕ್ಕದ ಉಗ್ರನರಸಿಂಹ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಕಡೆದದ್ದು, 6.7 ಮೀಟರ್ ಎತ್ತರದ ಏಕಶಿಲೆ. ಫೋನ್ ಎತ್ತಿದರೆ ಆ ಗುಡ್ಡೆಗಣ್ಣಿನ ಮುಖದ ಸುತ್ತ ಹಳದಿ ಚೌಕ ಕೂತಿತು. ಮನುಷ್ಯನ ಮುಖ ಅಂದುಕೊಂಡಿತ್ತು ಪಾಪ. ನನ್ನಲ್ಲಿರುವ 14 ನರಸಿಂಹಗಳೂ ಎದುರಿನಿಂದ ತೆಗೆದವೇ, ಅಲ್ಲಿ ನಿಂತ ಎಲ್ಲರ ಫೋನಿನಲ್ಲಿ ಇರುವ ಹಾಗೆ. ಆದರೆ ಅವನು ಮೊದಲು ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದುಹೋದಳು, ಬಳಸಿದ ಅವಳ ಕೈಯೊಂದು ಮಾತ್ರ ಅವನ ಬೆನ್ನ ಮೇಲೆ ಉಳಿದಿದೆ. ಅದನ್ನು ಓದಿಕೊಂಡೇ ಹೋಗಿದ್ದೆ. ಚೌಕ ಸಿಕ್ಕ ಖುಷಿಯಲ್ಲಿ ಮರೆತೆ.

ಅಮ್ಮನ ಫೋಟೋಗಳದ್ದು ಇನ್ನೊಂದು ಕತೆ. ಸಂಜೆಯೇ ಅವಳು ಒಂದನ್ನು ನೋಡಿ, “ಇದ್ಯಾರೋ? ನನ್ನ ತಂಗಿ ಥರ ಇದಾಳೆ” ಅಂದಿದ್ದಳು. ಅಂಗಡಿಯಿಂದ ಬಂದಾಗಲೇ ಫೋನಿನಲ್ಲಿ ಮುಖ ಚಂದ ಮಾಡುವ ಗುಂಡಿ ಚಾಲೂ ಇತ್ತು, ನಾನು ಎರಡು ವರ್ಷದಿಂದ ನೋಡಿರಲಿಲ್ಲ. ಅಂದರೆ ಎರಡು ವರ್ಷದ ಮದುವೆ, ಗೃಹಪ್ರವೇಶ, ಷಷ್ಟಿಪೂರ್ತಿಗಳಲ್ಲೆಲ್ಲ ನಮ್ಮ ಕಡೆಯ ಹೆಂಗಸರಿಗೆ ಒಂದೂ ಸುಕ್ಕಿಲ್ಲ. ಯಾರೂ ದೂರು ಕೊಟ್ಟಿರಲಿಲ್ಲ ಅನ್ನುವುದನ್ನೂ ಹೇಳಬೇಕು.

ಗೋಪುರದ ಫೋಟೋಗಳಲ್ಲಿ ಗೋಪುರ ಹಿಂದಕ್ಕೆ ವಾಲಿತ್ತು. ಬುಡದಲ್ಲೇ ನಿಂತು, ಅಗಲ ನೋಟದ ಮಸೂರ ಹಾಕಿ, ಕತ್ತು ಮೇಲೆತ್ತಿದರೆ ಆಗುವುದೇ ಹಾಗೆ. ಕಾಲಿದ್ದರೆ ಹಂಪೆ ಅಂದದ್ದು ಸುಮ್ಮನೆ ಅಲ್ಲ. ಮರುದಿನ ಬೆಳಿಗ್ಗೆ ರಥಬೀದಿಯುದ್ದಕ್ಕೂ ಎದುರು ಬಸವಣ್ಣನ ತನಕ ನಡೆದು ತಿರುಗಿ ನೋಡಿದೆ. ಗೋಪುರ ನೆಟ್ಟಗೆ ನಿಂತು, ಎರಡೂ ಬದಿಯ ಕಲ್ಲುಕಂಬದ ಸಾಲುಗಳು ಅದರ ಕಡೆಗೇ ಓಡುತ್ತಿದ್ದವು. ನನ್ನ ಫೋನಿನಲ್ಲಿ ಬೆರಳಿನಿಂದ ಹಿಗ್ಗಿಸುವ ಜೂಮ್ ಬರೀ ಕತ್ತರಿ ಕೆಲಸ, ಇದ್ದ ಫೋಟೋದ ನಡುವನ್ನು ಕತ್ತರಿಸಿ ದೊಡ್ಡದು ಮಾಡುತ್ತದೆ ಅಷ್ಟೆ; ಕಾಲು ಮಾಡುವ ಕೆಲಸ ಬೇರೆ. ಮಂಡಿ ಇದ್ದಿದ್ದರೆ ಅಪ್ಪ ಇದನ್ನು ಮೊದಲೇ ಹೇಳುತ್ತಿದ್ದರು.

ಎರಡನೆಯ ದಿನ ಮತ್ತೆ ವಿಠ್ಠಲ ಗುಡಿ. ಬ್ಯಾಟರಿ ಗಾಡಿಯಿಂದ ಇಳಿದು ಒಳಗೆ ಹೋದರೆ ರಥದ ಮುಂದೆ ಸಾಲು. ಪ್ರತಿಯೊಬ್ಬರ ಕೈಯಲ್ಲೂ 50 ರೂಪಾಯಿಯ ನೋಟು. 2017ರಲ್ಲಿ ಬಂದ ಆ ನೀಲಿ ನೋಟಿನ ಹಿಂದೆ ಇದೇ ರಥವಿದೆಯಲ್ಲ, ನೋಟನ್ನು ಮುಂದೆ ಹಿಡಿದು ಹಿಂದಿನ ಕಲ್ಲಿನ ರಥಕ್ಕೆ ಹೊಂದಿಸಿ ತೆಗೆಯುವ ಆಟ. ನಾನೂ ತೆಗೆದೆ. ನಗಬೇಡಿ, ನಿಮ್ಮ ಫೋನಿನಲ್ಲೂ ಇರುತ್ತದೆ.

ಈ ರಥ ನಾವು ತಿಳಿದಷ್ಟು ಬದಲಾಗದ ವಸ್ತುವಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದ. ಅವನ ಫೋಟೋದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ! ಆಮೇಲೆ ಅದನ್ನು ತೆಗೆದುಹಾಕಿದರು. ಮುಂದೆ ನಿಂತ ಆನೆಗಳೂ ಮೊದಲಿನವಲ್ಲ, ಅಲ್ಲಿ ಕುದುರೆಗಳಿದ್ದವು. ಬಗ್ಗಿ ನೋಡಿದರೆ ಆನೆಗಳ ಹಿಂದೆ ಕುದುರೆಯ ಬಾಲ ಇನ್ನೂ ಇದೆ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಹುಡುಕಿ ಮತ್ತೆ ಫೋಟೋ ತೆಗೆದರು. ಅಪ್ಪ ಅಲ್ಲಿಗೆ ಹೋಗಿ ಬಂದ ಮರುವರ್ಷ. ಗ್ರೀನ್‌ಲಾನ ಕಾಗದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು, ಅಷ್ಟು ಹೊತ್ತಿನಲ್ಲಿ ಓಡಾಡಿದ ಮನುಷ್ಯ ಅದರ ಮೇಲೆ ಮೂಡುವುದಿಲ್ಲ. ನನ್ನ ಫೋನಿನ 3 ಸೆಕೆಂಡಿನಲ್ಲೂ ಅಮ್ಮ ಕೈಯಾಡಿಸಿದರೆ ಕೈ ಹೊಗೆಯಾಗುತ್ತದೆ. ಆ ಮಟ್ಟಿಗೆ ನಾವಿಬ್ಬರೂ ಒಂದೇ ಕಸುಬಿನವರು.

ಅಮ್ಮನನ್ನು ರಥದ ಮುಂದೆ ಉರಿಬಿಸಿಲಿನಲ್ಲಿ ನಿಲ್ಲಿಸಿ ಮೊಬೈಲ್ ಹಿಡಿದಿದ್ದೆ. ಹೊತ್ತು ಹನ್ನೆರಡರ ಹತ್ತಿರ. ಬಂಡೆಯ ಕಾವಿಗೆ ಫೋನೂ ಕಾದು, ಪರದೆ ತಾನಾಗಿ ಮಂಕಾಗಿ, ಏನು ತೆಗೆಯುತ್ತಿದ್ದೇನೆಂದು ನನಗೇ ಕಾಣುತ್ತಿರಲಿಲ್ಲ. ಹಿಂದಿನಿಂದ ಒಬ್ಬರು, “ಸರ, ಫೋನ್ ಇಲ್ಲಿ ಕೊಡ್ರಿ” ಅಂದರು. ಐವತ್ತು ದಾಟಿದವರು, ಹೆಗಲಿಗೆ ಖಾಲಿ ಕ್ಯಾಮೆರಾ ಚೀಲ. ಮೊದಲು ಇಲ್ಲೇ ಪ್ರವಾಸಿಗರ ಫೋಟೋ ತೆಗೆದು ಅಲ್ಲೇ ಪ್ರಿಂಟ್ ಕೊಡುತ್ತಿದ್ದರಂತೆ. “ಆವಾಗ ನನ್ನ ಕ್ಯಾಮೆರಾದಾಗ ತೆಗೀತಿದ್ದೆ, ಈಗ ನಿಮ್ಮ ಫೋನಿನ್ಯಾಗ ತೆಗೀತೀನ್ರಿ. ಹತ್ತು ಫೋಟೋಕ್ಕ ಇಪ್ಪತ್ತು ರೂಪಾಯಿ. ಏನ್ ಮಾಡೋದ್ರಿ, ಹೊಟ್ಟಿ ಬಿಡಬೇಕಲ್ಲ.”

ಫೋನ್ ತಗೊಂಡು ಮೊದಲು ಅಂಗಿಯ ತುದಿಯಿಂದ ಅದರ ಹಿಂಬದಿ ಒರೆಸಿದರು. “ಇದರ ಕಣ್ಣು ಯಾರೂ ಒರಸೂದಿಲ್ರಿ. ಮಿರ್ಚಿ ತಿಂದ ಕೈಯಾಗ ಹಿಡೀತಾರ, ಆಮ್ಯಾಲ ಫೋಟೋ ಮಂಜ ಬಂತು ಅಂತಾರ.” ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಜೊತೆ ಎರಡು ಮಿರ್ಚಿ ತಿಂದಿದ್ದ ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. “ಅಮ್ಮಾರೆ, ಬಿಸಿಲಾಗ ಬ್ಯಾಡ್ರಿ, ನೆಳ್ಳಿಗೆ ಬರ್ರಿ” ಎಂದು ಅಮ್ಮನನ್ನು ಮಂಟಪದ ಅಂಚಿಗೆ ಕರೆದು, ಅರ್ಧ ನೆರಳಿನಲ್ಲಿ ಕಂಬಕ್ಕೆ ಒರಗಿಸಿ ಕೂರಿಸಿದರು. ಆಮೇಲೆ ಮಾಡಿದ್ದೇ ನಾನು ಈ ಬರಹ ಬರೆಯಲು ಕಾರಣ. ಪರದೆಯ ಮೇಲೆ ಅಮ್ಮನ ಮುಖವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಚೌಕ ಗಟ್ಟಿಯಾಗಿ ಕೂತು ಪಕ್ಕದಲ್ಲಿ ಪುಟ್ಟ ಸೂರ್ಯ ಬಂದ. ಆ ಸೂರ್ಯನನ್ನು ಬೆರಳಿನಿಂದ ಕೆಳಕ್ಕೆ ಎಳೆದರು. ಪರದೆಯಲ್ಲಿ ಮಂಟಪದ ಒಳಗು ಕಪ್ಪಾಯಿತು, ಕಲ್ಲು ತನ್ನ ಬಣ್ಣಕ್ಕೆ ಬಂತು, ಆ ಕಪ್ಪಿನ ಮುಂದೆ ಅಮ್ಮನ ಮುಖದ ಒಂದು ಪಕ್ಕ ಮಾತ್ರ ಉಳಿಯಿತು.

“ಫೋನು ಭಾಳ ಬೆಳಕ ಮಾಡ್ತೈತ್ರಿ. ನಾವ ಸ್ವಲ್ಪ ಇಳಿಸಬೇಕು.”

ಎರಡು ವರ್ಷದಿಂದ ಆ ಸೂರ್ಯ ನನ್ನ ಪರದೆಯಲ್ಲಿ ಬಂದು ಹೋಗುತ್ತಿದ್ದ. ಅವನನ್ನು ಇಳಿಸಬಹುದು ಅಂತ ಹೊಳೆದಿರಲಿಲ್ಲ. ಆ ಫೋಟೋದಲ್ಲಿ ಅಮ್ಮನ ಸುಕ್ಕುಗಳೆಲ್ಲ ವಾಪಸ್ ಬಂದಿದ್ದವು. ಅವಳು ಅದನ್ನೇ ತನ್ನ ವಾಟ್ಸಾಪಿನ ಮುಖಚಿತ್ರ ಮಾಡಿಕೊಂಡಳು. ಅವರಿಗೆ ಐವತ್ತು ಕೊಡಲು ಹೋದೆ, ಇಪ್ಪತ್ತು ತಗೊಂಡು ಮೂವತ್ತು ಎಣಿಸಿ ವಾಪಸ್ ಕೊಟ್ಟರು. ನಾನು ಕೊಟ್ಟದ್ದು ರಥಕ್ಕೆ ಹಿಡಿದಿದ್ದ ನೋಟೇ.

ಅಂದು ರಾತ್ರಿ ರೈಲಿತ್ತು. ಅದಕ್ಕೆ ಮೊದಲು ಇನ್ನೊಮ್ಮೆ ವಿರೂಪಾಕ್ಷನ ಗುಡಿಗೆ ಹೋಗೋಣ ಅಂದೆ. “ನಿನ್ನೆ ನೋಡಿದ್ವಲ್ಲೋ” ಅಂದಳು ಅಮ್ಮ. ಅಪ್ಪನ ಫೋಟೋ ಅಂದೆ. ಮರುಮಾತಾಡದೆ ಚಪ್ಪಲಿ ಬಿಟ್ಟಳು.

ಕೋಣೆಯಲ್ಲಿ ಮೂರು ನಾಲ್ಕು ಜನ ಕಾಲೇಜು ಹುಡುಗರಿದ್ದರು. ಒಬ್ಬ ಫೋನಿನ ಟಾರ್ಚ್ ಹಾಕಿ ಗೋಪುರ ಎಲ್ಲಿದೆ ಎಂದು ಗೋಡೆಯಲ್ಲೇ ಹುಡುಕುತ್ತಿದ್ದ. ಟಾರ್ಚ್ ಆರಿಸಪ್ಪ ಅಂದದ್ದಕ್ಕೆ ನನ್ನನ್ನು ವಿಚಿತ್ರವಾಗಿ ನೋಡಿದ, ಆರಿಸಿದ. ಎಲ್ಲರೂ ಸುಮ್ಮನೆ ನಿಂತೆವು. ಅರ್ಧ ನಿಮಿಷವಾಗಿರಬಹುದು. ಮಸುಕಾಗಿ, ಹಳೆಯ ಪಂಚೆಯ ಮೇಲಿನ ಚಹಾ ಕಲೆಯಂತೆ ಏನೋ ಮೂಡಿ, ಅದಕ್ಕೆ ಅಂಚು ಬಂದು, ಅಂಚಿಗೆ ಅಂತಸ್ತು ಬಂದು, ಕಳಸ ಕೆಳಗಾಗಿ ಗೋಪುರ ತೂಗಿತು. ಟಾರ್ಚಿನ ಹುಡುಗನೇ ಮೊದಲು “ಲೋ!” ಅಂದದ್ದು.

ಫೋನ್ ತೆಗೆದೆ. ಮೊದಲು ಒರೆಸಿದೆ. ಚಂದ್ರ ಬಂದ, ಚಂದ್ರನನ್ನು ಒತ್ತಿ ಆರಿಸಿದೆ. ಗೋಪುರವನ್ನು ಒತ್ತಿ ಹಿಡಿದು, ಸೂರ್ಯನನ್ನು ಇಳಿಸುತ್ತ ಹೋದೆ. ಗೋಡೆಯ ಸುಣ್ಣ ಹೋಯಿತು, ಬಲೆ ಹೋಯಿತು, ಗೀಚಿದ ಹೆಸರು ಹೋಯಿತು. ಕಂಬಕ್ಕೆ ಮೊಣಕೈ ಊರಿ ಉಸಿರು ಹಿಡಿದೆ. ಆ ಹೊತ್ತಿಗೆ ಅಮ್ಮ, ಇನ್ನೂ ಹತ್ತಿರದಿಂದ ನೋಡಬೇಕೆಂದು, ಗೋಡೆಯ ಮುಂದಕ್ಕೇ ಹೋಗಿ ನಿಂತಳು. ಪಕ್ಕಕ್ಕೆ ಸರಿ ಅಮ್ಮ ಅನ್ನಲು ಬಾಯಿ ತೆರೆದವನು ಹಾಗೇ ನಿಂತೆ. ಗೋಪುರದ ಅರ್ಧ ಗೋಡೆಯ ಮೇಲಿತ್ತು, ಉಳಿದರ್ಧ ಅವಳ ಬಿಳಿ ಸೆರಗಿನ ಮೇಲೆ, ನೆರಿಗೆಗೆ ತಕ್ಕಂತೆ ಬಳುಕಿ. ಅವಳಿಗೆ ಅದು ಗೊತ್ತಿಲ್ಲ, ಗೋಡೆಯ ಮೇಲೆ ಉಳಿದರ್ಧ ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದಳು. ಒತ್ತಿದೆ.

ಫೋಟೋ ಸ್ವಲ್ಪ ಅಲುಗಿದೆ. ಚುಕ್ಕೆ ಚುಕ್ಕೆಯಾಗಿದೆ. ಅಮ್ಮ ಎನ್ನುವುದು ಕಿವಿಯ ಓಲೆಯ ಹೊಳಪೊಂದರಿಂದ ಗೊತ್ತಾಗಬೇಕು. ವಾಟ್ಸಾಪ್ ಹಿಂಡಿ ಹಾಕದಿರಲೆಂದು ಡಾಕ್ಯುಮೆಂಟ್ ಮಾಡಿ, ಇದೊಂದನ್ನೇ, ಗುಡಿಯ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತ ಅಪ್ಪನಿಗೆ ಕಳಿಸಿದೆ. ಆಟೋ ಕಮಲಾಪುರ ದಾಟುವ ಮೊದಲೇ ಫೋನ್ ಬಂತು.

“ಈಗ ಸರಿಯಾಗಿದೆ ನೋಡು,” ಅಂದರು ಅಪ್ಪ. “ಏನೂ ಕಾಣಿಸ್ತಿಲ್ಲ.”

ಅಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. “ಕಾಣಿಸ್ತಿಲ್ಲ ಅಂದ್ರೆ ಏನ್ರೀ? ಕೋಣೆ ದೀಪ ಆರಿಸಿ ನೋಡಿ. ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊಳ್ಳಿ.”

ಆ ಕಡೆ ಮೈಸೂರಿನಲ್ಲಿ ಸ್ವಿಚ್ಚಿನ ಸದ್ದು ಕೇಳಿಸಿತು.